ಊರಿನ ಬೇಕುಗಳ ಪಟ್ಟಿ ಯಾರ ಕೈಯಲ್ಲಿ?



2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ, ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಕಾಲುಸಂಕ ಎಂದರೆ ಏನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಎರಡು ಮೂರು ಅಡಿಕೆ ಮರ ಅಥವಾ ಕಾಡುಮರದ ದಿಮ್ಮಿ, ಅನುಕೂಲವಿದ್ದರೆ ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಮಳೆ ಹಿಡಿಯುವ ಮೊದಲು ಆಸುಪಾಸಿನ ನಾಲ್ಕು ಮನೆಯವರು ಸೇರಿ ಹಾಕುತ್ತಾರೆ, ಆಟಿಯೊಳಗೆ ಅದರ ಮೇಲೆ ಪಾಚಿ ಕಟ್ಟುತ್ತದೆ, ದೊಡ್ಡ ನೆರೆ ಬಂದರೆ ಅದೇ ಹೋಗಿಬಿಡುತ್ತದೆ.

ಆ ಸಾವಿನ ಮೇಲೆ ಅಧಿಕಾರಿಗಳು ಬಂದರು, ಪತ್ರಿಕೆಯವರು ಬಂದರು, ಇಂಥ ಸಂಕಗಳು ಎಲ್ಲೆಲ್ಲಿವೆ ಎಂಬ ವಿಚಾರಣೆ ಚುರುಕಾಯಿತು. ನನ್ನನ್ನು ಕಾಡಿದ್ದು ಈ ಅನುಕ್ರಮ. ಯಾವ ಸಂಕ ಯಾವ ತಿಂಗಳಲ್ಲಿ ಮುಳುಗುತ್ತದೆ, ಅದನ್ನು ದಾಟುವ ಮಕ್ಕಳು ಯಾವ ಯಾವ ಮನೆಯವರು, ಯಾವ ಮಕ್ಕಳನ್ನು ಜೋರು ಮಳೆಯ ದಿನ ತಾಯಿ ಶಾಲೆಗೆ ಕಳಿಸುವುದೇ ಇಲ್ಲ, ಇದೆಲ್ಲ ಆ ಬಯಲಿನ ಪ್ರತಿ ಮನೆಗೂ ಗೊತ್ತಿತ್ತು. ಊರಿಗೆ ಗೊತ್ತಿದ್ದದ್ದು ಕಚೇರಿಯ ಕಡತಕ್ಕೆ ತಲುಪಲು ಒಂದು ಮಗುವಿನ ಜೀವ ಹೋಗಬೇಕಾಯಿತೇ?

ಸಮಾಜಕಾರ್ಯ ಓದುವವರು ನೀಡ್ಸ್ ಅಸೆಸ್‌ಮೆಂಟ್ ಎಂದು ಕರೆಯುವ ವಿಷಯವೇ ಇವತ್ತಿನ ಉಪನ್ಯಾಸದ್ದು. ನಾನು ಅದನ್ನು ಊರಿನ ಬೇಕುಗಳ ಲೆಕ್ಕ ಎನ್ನುತ್ತೇನೆ. ನನ್ನ ಮಾತಿನ ಸಾರ ಇಷ್ಟೇ: ಬೇಕುಗಳನ್ನು ಪಟ್ಟಿ ಮಾಡುವುದು ಸುಲಭ. ಆ ಪಟ್ಟಿ ಊರಿನ ಕೈಯಲ್ಲೇ ಉಳಿಯುವಂತೆ, ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುವಂತೆ ಮಾಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ನಮ್ಮ ಸೀಮೆಯಲ್ಲೇ ಒಮ್ಮೆ ಮಾಡಿ ತೋರಿಸಿದವರಿದ್ದಾರೆ. ಅವರು ಮಕ್ಕಳು. ಅಲ್ಲಿಗೆ ಬರುವ ಮೊದಲು ಸ್ವಲ್ಪ ಸುತ್ತು ಹಾಕುತ್ತೇನೆ.

ಉಡುಪಿ ಜಿಲ್ಲೆಯ ಬಗ್ಗೆ ಮಾತಾಡುವಾಗ ನಮಗೆ ಅಂಕಿಗಳ ಹೆಮ್ಮೆ ಇದೆ, ಇರಬೇಕಾದ್ದೇ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,77,361. ಸಾಕ್ಷರತೆ ಶೇಕಡಾ 86ಕ್ಕಿಂತ ಮೇಲೆ. ಸಾವಿರ ಗಂಡಸರಿಗೆ 1,094 ಹೆಂಗಸರು. ಕೊನೆಯ ಅಂಕಿಯನ್ನು ವೇದಿಕೆಗಳಲ್ಲಿ ಹೆಣ್ಣಿನ ಬಗೆಗಿನ ಗೌರವದ ಗುರುತು ಎಂದು ಹೇಳುವುದನ್ನು ಕೇಳಿದ್ದೇನೆ. ಮಾತೃಮೂಲದ ಕುಟುಂಬ ಪದ್ಧತಿ ಇದ್ದ ನಾಡು ಇದು, ಆ ಮಾತಿನಲ್ಲಿ ಸ್ವಲ್ಪ ಹುರುಳಿದ್ದೀತು. ಆದರೆ ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಗಂಡಸರನ್ನು ಕಳೆದು ಉಳಿದ ಲೆಕ್ಕವೂ ಅದರೊಳಗಿದೆ. ಒಂದೇ ಅಂಕಿ ಹೆಮ್ಮೆಯನ್ನೂ ಹೇಳುತ್ತದೆ, ಬಾಗಿಲು ಹಾಕಿದ ಮನೆಗಳನ್ನೂ ಹೇಳುತ್ತದೆ. ಸರಾಸರಿಯನ್ನು ನಂಬಿ ಕೂತರೆ ಎರಡನೆಯದು ಕಿವಿಗೆ ಬೀಳುವುದಿಲ್ಲ.

ಸರಾಸರಿಯಲ್ಲಿ ಮುಚ್ಚಿಹೋದವರಲ್ಲಿ ಮೊದಲಿಗರು ಈ ಕರಾವಳಿಯ ಆದಿವಾಸಿಗಳಾದ ಕೊರಗರು. ಅವರ ಬೇಕುಗಳ ಲೆಕ್ಕ ಆಗಲಿಲ್ಲ ಎನ್ನುವ ಹಾಗಿಲ್ಲ. 1990ರ ದಶಕದಲ್ಲೇ ಡಾ. ಮಹಮ್ಮದ್ ಪೀರ್ ವರದಿ ಬಂತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂದು ಅದು ಹೇಳಿತು. 2000ದಲ್ಲಿ, ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂತು. ಆ ವರದಿಯನ್ನು ಜಾರಿ ಮಾಡಿ ಎಂದು ಕೊರಗ ಸಂಘಟನೆಗಳು ಜಿಲ್ಲಾಧಿಕಾರಿ ಕಚೇರಿಯ ಎದುರು ಕೂತದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ, ಒಮ್ಮೆಯಲ್ಲ, ಮತ್ತೆ ಮತ್ತೆ. ಸಮೀಕ್ಷೆ ಇದೆ, ಶಿಫಾರಸು ಇದೆ, ಬೇಡಿಕೆಯೂ ಇದೆ. ಇಲ್ಲದ್ದು ಜಮೀನು ಮಾತ್ರ. ಸಮೀಕ್ಷೆಯ ಕೊರತೆಯಿಂದ ಹಳ್ಳಿಗಳು ಹಿಂದೆ ಉಳಿದಿವೆ ಎಂದು ಯಾರಾದರೂ ಹೇಳಿದರೆ ಈ ಒಂದು ಉದಾಹರಣೆ ಸಾಕು, ಅವರ ಬಾಯಿ ಕಟ್ಟುತ್ತದೆ.

ಇದಕ್ಕೆ ಇನ್ನೂ ಹಿಂದಿನ ಬೇರಿದೆ. 1974ರಿಂದ ಭೂಸುಧಾರಣೆ ಬಿಗಿಯಾಗಿ ಜಾರಿಯಾದಾಗ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರು ಭೂಮಾಲೀಕರಾದರು. ಅದು ದೊಡ್ಡ ಬದಲಾವಣೆ, ನಮ್ಮಲ್ಲಿ ಹಲವರ ಮನೆಯ ಒಲೆ ಉರಿದದ್ದು ಅದರಿಂದ. ಆದರೆ ಭೂಮಿ ಸಿಕ್ಕಿದ್ದು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ. ಧಣಿಯ ಮುಖ ನೋಡಿ ಅರ್ಜಿ ಹಾಕದವರಿಗೆ ಸಿಗಲಿಲ್ಲ. ಗೇಣಿಯೇ ಇಲ್ಲದೆ ಬರಿಯ ಕೂಲಿಯಲ್ಲಿ ದುಡಿದವರಿಗೆ ಅರ್ಜಿ ಹಾಕುವ ದಾರಿಯೇ ಇರಲಿಲ್ಲ. ಕೇಳಿದವರ ಬೇಕು ಮಾತ್ರ ಬೇಕು ಎಂದಾಗುವ ಕಡೆ, ಕೇಳಲಾರದವರಿಗೆ ಅಗತ್ಯವೇ ಇಲ್ಲ ಎಂದು ಲೆಕ್ಕ.

ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರ್ಯಾಡ್‌ಶಾ 1972ರಲ್ಲಿ ಈ ತೊಡಕನ್ನು ಬಿಡಿಸಲು ನಾಲ್ಕು ಬಗೆಯ ಅಗತ್ಯಗಳನ್ನು ಗುರುತಿಸಿದರು: ತಜ್ಞರು ಅಳತೆಗೋಲಿಟ್ಟು ಹೇಳುವುದು, ಜನರ ಮನಸ್ಸಿನಲ್ಲಿರುವುದು, ಜನ ಬಾಯಿಬಿಟ್ಟು ಕೇಳುವುದು, ಪಕ್ಕದ ಊರಿನೊಂದಿಗೆ ಹೋಲಿಸಿದಾಗ ಕಾಣುವುದು. ನಮ್ಮ ನೀರಿನ ಸಂಗತಿಗೆ ಇದನ್ನು ಹಚ್ಚಿ ನೋಡಿ. ಜಲಜೀವನ್ ಮಿಷನ್ನಿನ ಅಳತೆ ತಲೆಗೆ ದಿನಕ್ಕೆ 55 ಲೀಟರ್, ಮನೆಗೊಂದು ನಳ್ಳಿ. ಆದರೆ ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಬಾವಿ ಇದೆ. ಕೇಳಬೇಕಾದ ಪ್ರಶ್ನೆ ಬಾವಿ ಇದೆಯೇ ಎಂದಲ್ಲ. ಕಡಲು ಹಿನ್ನೀರು ಎರಡೂ ಹತ್ತಿರ ಇರುವ ಕಡೆ ಏಪ್ರಿಲ್‌ನಲ್ಲಿ ಬಾವಿಯ ನೀರು ಉಪ್ಪಾಗುತ್ತದೆಯೇ, ಮೇಲಿನ ಮುರಕಲ್ಲಿನ ಕಡೆ ಕೆಂಪಾಗುತ್ತದೆಯೇ, ನಳ್ಳಿ ಇದ್ದರೆ ಅದರಲ್ಲಿ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ? ನಳ್ಳಿ ಹಾಕಿದ ದಿನ ಮನೆಯ ಲೆಕ್ಕ ಮುಗಿಯುತ್ತದೆ. ನೀರಿನ ಲೆಕ್ಕ ಆ ದಿನ ಶುರುವಾಗುತ್ತದೆ. ಇನ್ನು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳುವುದು ಏನನ್ನು? ಹೆಚ್ಚಾಗಿ ದಾರಿದೀಪ, ಕಾಂಕ್ರೀಟ್ ರಸ್ತೆ. ಪಕ್ಕದ ವಾರ್ಡಿಗೆ ಆಗಿದೆ, ನಮಗೆ ಆಗಲಿಲ್ಲ ಎಂಬುದೇ ವಾದ.

ನಮ್ಮ ಕಡೆಯವರಿಗೆ ಇನ್ನೊಂದು ಗುಣವಿದೆ. ಹೊರಗಿನವರು ನಮೂನೆ ಹಿಡಿದು ಬಂದು ಏನು ಬೇಕು ಎಂದರೆ, "ನಮ್ಗೆಂತ ಬೇಡ ಮರ್ರೆ, ಎಲ್ಲ ಇತ್ತ್" ಎನ್ನುತ್ತಾರೆ. ಅದು ಸಂಕೋಚ, ಸ್ವಾಭಿಮಾನ, ಬಂದವರನ್ನು ಬೇಗ ಕಳಿಸುವ ಉಪಾಯ ಮೂರೂ ಹೌದು. ಅದೇ ಹೆಂಗಸು ಬೀಡಿ ಕಟ್ಟುತ್ತಲೋ ಹೂ ಕಟ್ಟುತ್ತಲೋ ನೆರೆಮನೆಯವಳ ಹತ್ತಿರ ಮಾತಾಡುವಾಗ ಮೊಣಕಾಲು ನೋವಿನಿಂದ ಹಿಡಿದು ಬಸ್ಸು ಇಲ್ಲದ್ದರವರೆಗೆ ಎಲ್ಲವನ್ನೂ ಹೇಳಿರುತ್ತಾಳೆ. ಭಾಷೆಯೂ ಇಲ್ಲಿ ಸಣ್ಣ ವಿಷಯವಲ್ಲ. ಬ್ರಹ್ಮಾವರ ತಾಲೂಕಿನಲ್ಲಿ ಕುಂದಾಪ್ರ ಕನ್ನಡದ ಪಕ್ಕದಲ್ಲೇ ತುಳು ಇದೆ, ಕೊಂಕಣಿ ಇದೆ. ಶಿರೂರು, ಗಂಗೊಳ್ಳಿಯ ಕಡೆ ಮುಸ್ಲಿಂ ಮನೆಗಳ ಮಾತು ಬೇರೆ. ಪುಸ್ತಕದ ಕನ್ನಡದಲ್ಲಿ ಅಚ್ಚಾದ ನಮೂನೆಯಿಂದ ಓದಿ ಕೇಳಿದರೆ ಪುಸ್ತಕದ ಉತ್ತರವೇ ಸಿಗುತ್ತದೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ ಹುಡುಗರಲ್ಲಿ ಒಂದು ಕಾಲಕ್ಕೆ ನಮ್ಮ ಕಡೆಯವರು ಬಹಳ. ಹೋಟೆಲ್ ಉದ್ಯಮದ ಯಶಸ್ಸಿನ ಕತೆಗಳನ್ನು ನಾವು ಬರೆದಿಟ್ಟುಕೊಂಡಿದ್ದೇವೆ. ಈ ಹುಡುಗರ ಕತೆ ಬರೆದದ್ದು ಕಡಿಮೆ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆ, ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್, ಆ ಹುಡುಗರು ಹೊರಟುಬಂದ ಊರುಗಳನ್ನು ಹುಡುಕಿಕೊಂಡು ಕುಂದಾಪುರ ತಾಲೂಕಿಗೆ ಬಂತು. ಕನ್ಯಾನದಲ್ಲಿ 'ನಮ್ಮ ಭೂಮಿ' ಎಂಬ ನೆಲೆ ಕಟ್ಟಿತು. 1990ರಲ್ಲಿ ಹುಟ್ಟಿದ ದುಡಿಯುವ ಮಕ್ಕಳ ಸಂಘ 'ಭೀಮ ಸಂಘ' ಇಲ್ಲಿಯೂ ಬೇರುಬಿಟ್ಟಿತು. 1990ರ ದಶಕದ ನಡುಭಾಗದಲ್ಲಿ ಮಕ್ಕಳ ಪಂಚಾಯತ್‌ಗಳು ಶುರುವಾದವು: ಶಾಲೆಗೆ ಹೋಗುವ ಮಕ್ಕಳು, ಹೋಗದೆ ದುಡಿಯುವ ಮಕ್ಕಳು ಇಬ್ಬರೂ ಓಟು ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುವ ವ್ಯವಸ್ಥೆ. ಕೆರಾಡಿ, ಆಲೂರು, ಬೆಳ್ವೆ ಇಂಥ ಊರುಗಳ ಹೆಸರು ಆ ಚರಿತ್ರೆಯಲ್ಲಿ ಬರುತ್ತದೆ. ಕೆರಾಡಿಯನ್ನು ದೇಶಕ್ಕೆ ಪರಿಚಯಿಸಿದ್ದು 2022ರ 'ಕಾಂತಾರ' ಸಿನಿಮಾ ಎಂದು ನಾವೆಲ್ಲ ಸಂಭ್ರಮಪಟ್ಟೆವು. ಅದಕ್ಕೂ ಎಷ್ಟೋ ಮೊದಲು, ಸ್ಥಳೀಯ ಆಡಳಿತವನ್ನು ಅಧ್ಯಯನ ಮಾಡುವ ವಿದೇಶಿ ವಿದ್ವಾಂಸರಿಗೆ ಕುಂದಾಪುರದ ಈ ಹಳ್ಳಿಗಳು ಗೊತ್ತಿದ್ದವು. ನಮಗೇ ಅದರ ನೆನಪು ತೆಳುವಾಗಿದೆ.

ಆ ಮಕ್ಕಳು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಸಮೀಕ್ಷೆಗಳು. ಮನೆಮನೆಗೆ ಹೋಗಿ ತಮ್ಮ ಊರಿನ ಕುಟುಂಬಗಳ ಸ್ಥಿತಿ ಬರೆದುಕೊಂಡರು. ಅಕ್ಷರ ಬಾರದ ಮಕ್ಕಳೂ ಸೇರಿಕೊಳ್ಳಲಿ ಎಂದು ಚಿತ್ರ, ಸಂಕೇತಗಳನ್ನು ಬಳಸಿದರು. ಆಮೇಲೆ ತಮ್ಮ ಓಡಾಟವನ್ನೇ ಅಧ್ಯಯನಕ್ಕೆ ತೆಗೆದುಕೊಂಡರು: ದಿನವೂ ಎಲ್ಲೆಲ್ಲಿಗೆ ಹೋಗುತ್ತೇವೆ, ಹೇಗೆ ಹೋಗುತ್ತೇವೆ, ಏನು ಹೊತ್ತು ಹೋಗುತ್ತೇವೆ, ದಾರಿಯಲ್ಲಿ ಏನು ಅಡ್ಡ ಬರುತ್ತದೆ. ಲೋಕೋಪಯೋಗಿ ಇಲಾಖೆಯ ರಸ್ತೆ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲಾಖೆ ಎಷ್ಟು ಕಿಲೋಮೀಟರ್ ಡಾಮರು ಎಂದು ಕೇಳುತ್ತದೆ. ತಲೆಯ ಮೇಲೆ ಸೌದೆಹೊರೆ ಇರುವ ಹನ್ನೆರಡರ ಹುಡುಗಿಗೆ ಡಾಮರು ರಸ್ತೆ ಲೆಕ್ಕಕ್ಕೇ ಬರುವುದಿಲ್ಲ. ಅವಳ ದಾರಿ ಹಾಡಿಯ ನಡುವೆ, ಗದ್ದೆಯ ಅಂಚಿನ ಮೇಲೆ, ಸಂಕದ ಮೇಲೆ. ದೊಡ್ಡವರು ರಸ್ತೆಯಲ್ಲಿ ವಾಹನದಲ್ಲಿ ಹೋಗುವವರು, ಹಾಗಾಗಿ ಅವರ ಪಟ್ಟಿಯಲ್ಲಿ ಸಂಕಕ್ಕೆ ಕೊನೆಯ ಸಾಲು. ಮಕ್ಕಳ ಪಟ್ಟಿಯಲ್ಲಿ ಅದು ಮೇಲಕ್ಕೆ ಬರುವುದು ಸಹಜ.

ಎರಡನೆಯದು, ಮಕ್ಕಳು ಅರ್ಜಿ ಬರೆದು ಕೈಕಟ್ಟಿ ನಿಲ್ಲಲಿಲ್ಲ. ಪ್ರತಿ ಪಂಚಾಯತಿಯಲ್ಲೂ 'ಮಕ್ಕಳ ಮಿತ್ರ' ಎಂದು ತಮಗೆ ನಂಬಿಕೆಯಿದ್ದ ಹಿರಿಯರೊಬ್ಬರನ್ನು ಅವರೇ ಆರಿಸಿಕೊಂಡರು. ಅಧಿಕಾರಿಗಳು, ಪಂಚಾಯತ್ ಸದಸ್ಯರು, ಮಕ್ಕಳ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕೂರುವ ಟಾಸ್ಕ್‌ಫೋರ್ಸ್ ಇತ್ತು. ಮಕ್ಕಳ ಕೈಯಲ್ಲಿ ಅಂಕಿ ಇತ್ತು, ಎದುರಿಗೆ ಉತ್ತರ ಕೊಡಬೇಕಾದವರಿದ್ದರು. ಮುಂದಿನ ಸಭೆಗೆ ಅದೇ ಮಕ್ಕಳು ಅದೇ ಅಂಕಿ ಹಿಡಿದು ಬರುತ್ತಾರೆ ಎಂಬುದು ಎಲ್ಲರಿಗೂ ತಿಳಿದಿತ್ತು. ಮಕ್ಕಳ ಹತ್ತಿರ ಆಶ್ವಾಸನೆ ಕೊಟ್ಟು ಜಾರಿಕೊಳ್ಳುವುದು ದೊಡ್ಡವರ ಹತ್ತಿರ ಜಾರಿಕೊಂಡಷ್ಟು ಸುಲಭವಲ್ಲ, ಇದು ನನ್ನ ಸ್ವಂತ ಅಭಿಪ್ರಾಯ.

ಹತ್ತನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಇದು ತಾಲೂಕಿನ ಅಳತೆಗೆ ಬೆಳೆಯಿತು. ಆಗ ಬೈಂದೂರು ಬೇರೆ ತಾಲೂಕಾಗಿರಲಿಲ್ಲ. ಕುಂದಾಪುರ ತಾಲೂಕಿನಲ್ಲಿ 56 ಗ್ರಾಮ ಪಂಚಾಯತ್‌ಗಳು. ಅಷ್ಟೂ ಪಂಚಾಯತ್‌ಗಳಲ್ಲಿ ಸುಮಾರು 20,000 ಮಕ್ಕಳು ತಮ್ಮ ಊರಿನ ಪಂಚವಾರ್ಷಿಕ ಯೋಜನೆ ಬರೆಯುವುದರಲ್ಲಿ ಪಾಲ್ಗೊಂಡರು. ಇದನ್ನು ನಿಧಾನವಾಗಿ ಮನಸ್ಸಿಗೆ ತೆಗೆದುಕೊಳ್ಳಿ. ಕೇರಳದಲ್ಲಿ 1996ರಲ್ಲಿ ಶುರುವಾದ ಜನಯೋಜನಾ ಆಂದೋಲನದ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಪಾಠ ಇದೆ, ಇರಲಿ, ಅದು ಯೋಗ್ಯವಾದದ್ದೇ. ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟ ಧೈರ್ಯ ಅದರದ್ದು. ನಮ್ಮ ಮಕ್ಕಳ ಹಿಂದೆ ಅಂಥ ಹಣ ಇರಲಿಲ್ಲ. ಆದರೂ 2006ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಈಗ ಬೀದರಿನಿಂದ ಚಾಮರಾಜನಗರದವರೆಗೆ ನಡೆಯುವ ಆ ಸಭೆಗಳ ಹಿಂದೆ ಕುಂದಾಪುರದ ಈ ಹಳ್ಳಿಗಳ ಅನುಭವವಿದೆ.

ಇಂದು ಅವು ಹೇಗೆ ನಡೆಯುತ್ತವೆ? ಕೆಲವು ಕಡೆ ಚೆನ್ನಾಗಿ. ಹಲವು ಕಡೆ ಒಂದು ಬ್ಯಾನರು, ಸ್ವಾಗತ ನೃತ್ಯ, ಮಕ್ಕಳಿಗೆ ಬರೆದುಕೊಟ್ಟ ಪ್ರಶ್ನೆ, ಅಧ್ಯಕ್ಷರಿಂದ "ಗಮನಕ್ಕೆ ತೆಗೆದುಕೊಳ್ಳುತ್ತೇವೆ" ಎಂಬ ಉತ್ತರ, ಕೊನೆಗೆ ಬಿಸ್ಕತ್ತು. ಸಮೀಕ್ಷೆ ಮಾಯವಾಗಿ ಸಮಾರಂಭ ಉಳಿದಿದೆ. ಮೊದಲಿನ ಮಕ್ಕಳು ಸಭೆಗೆ ಮುಂಚೆ ತಿಂಗಳುಗಟ್ಟಲೆ ಎಣಿಸುತ್ತಿದ್ದರು. ಈಗಿನ ಮಕ್ಕಳಿಗೆ ಸಭೆಯ ದಿನ ಬೆಳಿಗ್ಗೆ ಯೂನಿಫಾರ್ಮು ಇಸ್ತ್ರಿ ಮಾಡಿಕೊಳ್ಳಲು ಹೇಳುತ್ತೇವೆ.

ದೊಡ್ಡವರ ಸಭೆಯ ಸ್ಥಿತಿ ಇದಕ್ಕಿಂತ ಉತ್ತಮವೆಂದು ಹೇಳಲು ಬರುವುದಿಲ್ಲ. ಕಾನೂನಿಗೇನೂ ಕೊರತೆಯಿಲ್ಲ. ಸಂವಿಧಾನದ 73ನೇ ತಿದ್ದುಪಡಿ, ಅದರ ಹನ್ನೊಂದನೇ ಅನುಸೂಚಿಯ 29 ವಿಷಯಗಳು, 1993ರ ನಮ್ಮ ಪಂಚಾಯತ್ ರಾಜ್ ಕಾಯಿದೆ, ಆರು ತಿಂಗಳಿಗೊಮ್ಮೆ ವಾರ್ಡು ಸಭೆ, ಗ್ರಾಮಸಭೆ. 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರಿನಲ್ಲಿ ವಾರ್ಷಿಕ ಯೋಜನೆ. 2018ರ ಅಕ್ಟೋಬರ್ 2ರಿಂದ ಕೇಂದ್ರದ ಜನಯೋಜನಾ ಅಭಿಯಾನ, ಜತೆಗೆ ಮಿಷನ್ ಅಂತ್ಯೋದಯದ ಸಮೀಕ್ಷೆ. ಕಾಗದದ ಮೇಲೆ ಜಗತ್ತಿನಲ್ಲೇ ಇಷ್ಟು ಅಗತ್ಯ ಸಮೀಕ್ಷೆ ಮಾಡುವ ಹಳ್ಳಿಗಳು ಬೇರೆ ಕಡೆ ಸಿಗುವುದು ಕಷ್ಟ.

ತೊಡಕು ಎರಡು ಕಡೆ ಇದೆ. ಒಂದು, ಈ ಸಮೀಕ್ಷೆಗಳ ಪ್ರಶ್ನೆಗಳು ಮೇಲಿನಿಂದ ಬರುತ್ತವೆ, ಉತ್ತರಗಳು ಆನ್‌ಲೈನ್‌ನಲ್ಲಿ ಮೇಲಕ್ಕೇ ಹೋಗುತ್ತವೆ, ಊರಿನಲ್ಲಿ ಏನೂ ಉಳಿಯುವುದಿಲ್ಲ. ಆಶಾ ಕಾರ್ಯಕರ್ತೆಯ ಹತ್ತಿರ ಒಂದು ಲೆಕ್ಕ, ಅಂಗನವಾಡಿಯಲ್ಲಿ ಒಂದು, ಸ್ವಸಹಾಯ ಸಂಘದಲ್ಲಿ ಒಂದು, ಶಾಲೆಯಲ್ಲಿ ಒಂದು. ಈ ನಾಲ್ಕು ಪುಸ್ತಕಗಳನ್ನು ಒಂದೇ ಬೆಂಚಿನ ಮೇಲೆ ತೆರೆದಿಟ್ಟು ನೋಡಿದ ಪಂಚಾಯತ್ ಎಷ್ಟಿದೆ? ಎರಡನೆಯದು ಹಣದ ಕಟ್ಟು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ಭಾಗವನ್ನು ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಡಲಾಗಿತ್ತು. ಸಂಕ ಬೇಕು ಎಂದು ಊರು ಹೇಳುತ್ತದೆ, ಇಂಗುಗುಂಡಿಗೆ ದುಡ್ಡಿದೆ ಎಂದು ಪಿಡಿಒ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗ್ರಾಮಸಭೆ ಹಾಗಾಗಿ ಮನೆ ಹಂಚಿಕೆ, ಶೌಚಾಲಯ, ಹಟ್ಟಿ ಇಂಥವುಗಳ ಫಲಾನುಭವಿ ಆಯ್ಕೆಯ ಸಭೆಯಾಗಿಬಿಟ್ಟಿದೆ. ತನ್ನ ಹೆಸರು ಬಂತೇ ಎಂದು ನೋಡಿ ಜನ ಎದ್ದು ಹೋಗುತ್ತಾರೆ. ಅವರನ್ನು ಹಳಿದು ಪ್ರಯೋಜನವಿಲ್ಲ, ಸಭೆಯಲ್ಲಿ ತೀರ್ಮಾನವಾಗುವುದು ಅಷ್ಟೇ ಎಂದು ಅವರಿಗೆ ಅನುಭವದಿಂದ ಗೊತ್ತು.

ಅಗತ್ಯವನ್ನು ಅರ್ಧ ಕೇಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೂ ನಮ್ಮಲ್ಲೇ ಇದೆ. ವಾರಾಹಿ ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1979ರಲ್ಲಿ. ಎಡದಂಡೆ ನಾಲೆಯಲ್ಲಿ ನೀರು ಹರಿದದ್ದು 2015ರಲ್ಲಿ. ಆ ನೀರು ಬರುತ್ತದೆ, ಕಬ್ಬು ಬೆಳೆಯುತ್ತದೆ ಎಂಬ ಭರವಸೆಯ ಮೇಲೆ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಕಬ್ಬಿಲ್ಲದೆ ಅದು ಮುಚ್ಚಿದ ಎಷ್ಟೋ ಕಾಲದ ಮೇಲೆ ನಾಲೆಗೆ ನೀರು ಬಂತು. ಅಷ್ಟರಲ್ಲಿ ಗದ್ದೆ ಮಾಡುವ ಮಕ್ಕಳು ಊರಲ್ಲಿರಲಿಲ್ಲ, ಎಷ್ಟೋ ಗದ್ದೆ ಹಡಿಲು ಬಿದ್ದಿತ್ತು, ಉಳಿದದ್ದಕ್ಕೆ ಅಡಿಕೆ ಸಸಿ ಬಂದಿತ್ತು. ಮೂವತ್ತಾರು ವರ್ಷ ಹಿಂದಿನ ಬೇಕನ್ನು ಇವತ್ತು ಪೂರೈಸುವಾಗ, ಇವತ್ತಿನ ಬೇಕು ಏನೆಂದು ನಡುವೆ ಒಮ್ಮೆಯಾದರೂ ಕೇಳಬೇಡವೇ?

ಸಣ್ಣ ಅಳತೆಯಲ್ಲಿ ಕಿಂಡಿ ಅಣೆಕಟ್ಟಿನದೂ ಇದೇ ಕತೆ, ಆದರೆ ಇದನ್ನು ನಾನು ಹೆಚ್ಚು ಕಲಿಸುವ ಉದಾಹರಣೆ ಎಂದುಕೊಂಡಿದ್ದೇನೆ. ಉಪ್ಪುನೀರು ಒಳಗೆ ಬಾರದಂತೆ, ಸಿಹಿನೀರು ನಿಲ್ಲುವಂತೆ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟುವುದು ನಮ್ಮ ಕರಾವಳಿಗೆ ಒಪ್ಪುವ ಕೆಲಸ. ಸರ್ಕಾರ ಪಶ್ಚಿಮವಾಹಿನಿ ಯೋಜನೆಯಲ್ಲಿ ಇವುಗಳಿಗೆ ಹಣ ಕೊಟ್ಟಿದೆ. ಗ್ರಾಮಸಭೆಯ ಪಟ್ಟಿಯಲ್ಲಿ "ಕಿಂಡಿ ಅಣೆಕಟ್ಟು ಬೇಕು" ಎಂದು ಇರುತ್ತದೆ, ಕಟ್ಟಿದ ಮೇಲೆ ಆ ಸಾಲಿಗೆ ಅಡ್ಡಗೀಟು ಬೀಳುತ್ತದೆ. ಆದರೆ ಅಣೆಕಟ್ಟಿನ ಕೆಲಸ ಇರುವುದೇ ಕಿಂಡಿಗೆ ಹಾಕುವ ಹಲಗೆಯಲ್ಲಿ. ಮಳೆ ನಿಂತು ಹರಿವು ಇಳಿದ ಕೂಡಲೆ ಹಲಗೆ ಹಾಕಬೇಕು, ಮುಂಗಾರಿಗೆ ಮೊದಲು ತೆಗೆಯಬೇಕು. ಒಂದು ಹದಿನೈದು ದಿನ ತಡವಾದರೆ ಉಪ್ಪು ಮೇಲಕ್ಕೆ ಬಂದಾಗಿದೆ, ತೆಗೆಯಲು ತಡವಾದರೆ ಪಕ್ಕದ ಗದ್ದೆಗೆ ನೆರೆ. ಹಲಗೆ ಹಳತಾಗಿ ಸೋರುತ್ತದೆ, ಕಳವೂ ಆಗುತ್ತದೆ. ಹಾಕುವವರು ಯಾರು, ಕೂಲಿ ಯಾವ ಲೆಕ್ಕದಿಂದ? ಊರಿನ ಬೇಕು ಅಣೆಕಟ್ಟಿನಷ್ಟೇ ಈ ಕೂಲಿಯೂ ಹೌದು. ಹಿಂದೆ ಮಣ್ಣಿನ ಕಟ್ಟ ಹಾಕುವಾಗ ಯಾವ ಬಯಲಿನವರು ಯಾವ ದಿನ ಬರಬೇಕು ಎಂಬ ಕಟ್ಟುಪಾಡಿತ್ತು. ಕಾಂಕ್ರೀಟು ಬಂದಾಗ ಆ ಕಟ್ಟುಪಾಡನ್ನು ಯಾರೂ ಸಮೀಕ್ಷೆಯಲ್ಲಿ ಬರೆದುಕೊಳ್ಳಲಿಲ್ಲ. ಊರಿಗೆ ಏನಿಲ್ಲ ಎಂದು ಬರೆಯುವಾಗ ಊರಿಗೆ ಏನು ಗೊತ್ತಿದೆ ಎಂಬುದನ್ನೂ ಬರೆಯಬೇಕಾಗಿತ್ತು.

1980ರ ದಶಕದ ಕೊನೆಯಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯವರು ಹಳ್ಳಿಯ ಜನರೇ ಅಂಗಳದಲ್ಲಿ ರಂಗೋಲಿ ಪುಡಿ, ಬೀಜ, ಕಲ್ಲು ಇಟ್ಟು ಊರಿನ ನಕ್ಷೆ ಬಿಡಿಸುವ ಕ್ರಮವನ್ನು ಬಳಕೆಗೆ ತಂದರು. ಸಹಭಾಗಿ ಗ್ರಾಮೀಣ ಅಧ್ಯಯನ ಎಂದು ಅದಕ್ಕೆ ಹೆಸರು. ರಾಬರ್ಟ್ ಚೇಂಬರ್ಸ್ ಅವರ ಬರಹಗಳಿಂದ ಅದು ಜಗತ್ತೆಲ್ಲ ಹಬ್ಬಿತು. ಆ ಚೇಂಬರ್ಸ್ ಅವರೇ ಎಚ್ಚರಿಸಿದ ಒಂದು ದೋಷ ನಮಗೆ ಬಹಳ ಹೊಂದುತ್ತದೆ: ಹೊರಗಿನವರು ಹಳ್ಳಿಗೆ ಬರುವುದು ಡಾಮರು ರಸ್ತೆ ಇರುವ ಕಡೆಗೆ, ಮಳೆ ಇಲ್ಲದ ಕಾಲಕ್ಕೆ. ಕೊಲ್ಲೂರು ರಸ್ತೆಯಿಂದ ಎರಡು ಮೈಲಿ ಒಳಗೆ, ಜುಲೈ ತಿಂಗಳಲ್ಲಿ ಏನಾಗುತ್ತದೆ ಎಂಬುದು ಜನವರಿಯಲ್ಲಿ ಕಾರಿನಲ್ಲಿ ಬಂದವರಿಗೆ ಕಾಣುವುದಿಲ್ಲ. ಕಂಡರೂ ಅದು ನೀರಿಲ್ಲದ ಒಂದು ತೋಡು, ಅದರ ಮೇಲೆ ಎರಡು ಮರ.

ಹಾಗಾದರೆ ನಮ್ಮ ಪಂಚಾಯತ್‌ಗಳಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆ ನನ್ನಲ್ಲಿಲ್ಲ. ಎರಡು ಋತುವಿನಲ್ಲಿ ಎಣಿಸಿ ಎನ್ನುತ್ತೇನೆ. ಜುಲೈಯಲ್ಲಿ ದಾಟುವ ಜಾಗಗಳು, ನೆರೆ ನಿಲ್ಲುವ ಬಯಲು, ಹೂಳು ತುಂಬಿದ ತೋಡು. ಏಪ್ರಿಲ್‌ನಲ್ಲಿ ಬಾವಿ, ಉಪ್ಪು, ನಳ್ಳಿ. ಕೇಳುವವರು ಅದೇ ವಾರ್ಡಿನವರಾಗಲಿ, ಅದೇ ಮಾತಿನವರಾಗಲಿ. ಹೆಂಗಸರನ್ನು ಹೆಂಗಸರೇ, ಗಂಡಸರಿಲ್ಲದ ಹೊತ್ತಿನಲ್ಲಿ ಕೇಳಲಿ. ಕೊರಗ ಕಾಲೊನಿಗೆ ಮೊದಲು ಹೋಗಿ, ಕೊನೆಗೆ ಅಲ್ಲ. ಕೊನೆಗೆ ಹೋದಾಗ ನಮೂನೆಯೂ ಉತ್ಸಾಹವೂ ಮುಗಿದಿರುತ್ತದೆ. ಬಾಗಿಲು ಹಾಕಿದ ಮನೆಗಳನ್ನೂ ಬರೆಯಿರಿ. ಮಕ್ಕಳು ಮುಂಬೈಯಲ್ಲಿ, ತಾಯಿಯೊಬ್ಬಳೇ ಮನೆಯಲ್ಲಿ ಎಂಬಂಥ ಮನೆಗಳನ್ನು ವಿಶೇಷವಾಗಿ ಗುರುತು ಮಾಡಿ. ಆ ತಾಯಿಗೆ ಬೇಕಾದ್ದು ಪಿಂಚಣಿ ಅಲ್ಲದಿರಬಹುದು. ಮಗ ಹಣ ಕಳಿಸುತ್ತಾನೆ. ರಾತ್ರಿ ಎದೆನೋವು ಬಂದರೆ ಕರೆಯಲು ಒಂದು ನಂಬರು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಒಬ್ಬ ಮನುಷ್ಯ, ಇದು ಯಾವ ಸರ್ಕಾರಿ ಅನುಸೂಚಿಯಲ್ಲೂ ಇಲ್ಲ. ಪಂಚಾಯತ್ತಿಗೆ ಖರ್ಚಿಲ್ಲದ ಬೇಕುಗಳು ಊರಲ್ಲಿ ಇಷ್ಟಿವೆ ಎಂಬುದು ಎಣಿಸಿದಾಗಲೇ ತಿಳಿಯುತ್ತದೆ.

ಈ ಎಣಿಕೆಗೆ ಕೈಗಳು ಬೇಕಲ್ಲ ಎಂದರೆ, ಇವೆ. ಇಲ್ಲಿ ಕೂತಿರುವ ಪದವಿ ವಿದ್ಯಾರ್ಥಿಗಳು ಎನ್ನೆಸ್ಸೆಸ್ ಶಿಬಿರದಲ್ಲಿ ಏಳು ದಿನ ಶ್ರಮದಾನ ಮಾಡಿ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿ ಬರುತ್ತೀರಿ. ಅದರಲ್ಲಿ ಎರಡು ದಿನವನ್ನು ಒಂದು ವಾರ್ಡಿನ ನಕ್ಷೆಗೆ ಕೊಡಿ. ನಕ್ಷೆಯನ್ನು ಕಾಲೇಜಿಗೆ ತಂದು ಅಂಕ ಪಡೆದು ಬೀರುವಿನಲ್ಲಿಡಬೇಡಿ, ಊರಲ್ಲೇ ಬಿಟ್ಟು ಬನ್ನಿ. ಪ್ರತಿ ಪಂಚಾಯತ್ತಿನ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರಿದೆ. ಆ ಗೋಡೆಯ ಮೇಲೆ ಅದು ಇರಲಿ, ಪಕ್ಕದಲ್ಲಿ ಒಂದು ದಪ್ಪ ರಿಜಿಸ್ಟರ್ ಇರಲಿ: ಬೇಕು ಏನು, ಎಷ್ಟು ಮನೆಗೆ, ಯಾವ ತಿಂಗಳಲ್ಲಿ, ಯಾವ ಸಭೆಯಲ್ಲಿ ಹೇಳಿದ್ದು, ಏನು ಉತ್ತರ ಬಂತು, ಆಗದಿದ್ದರೆ ಯಾಕೆ ಆಗಲಿಲ್ಲ. ಕೊನೆಯ ಎರಡು ಕಾಲಂ ಇಲ್ಲದ ರಿಜಿಸ್ಟರನ್ನು ನಾನು ಒಪ್ಪುವುದಿಲ್ಲ. ಹಣ ಇರಲಿಲ್ಲ ಎಂಬುದೂ ಉತ್ತರವೇ. ಅದನ್ನು ಬರೆದು ಸಹಿ ಹಾಕಿ. ಐದು ವರ್ಷದ ಸಹಿಗಳನ್ನು ಒಟ್ಟಿಗೆ ಹಿಡಿದು ಹೋದರೆ ಶಾಸಕರ ಹತ್ತಿರ, ಜಿಲ್ಲಾ ಪಂಚಾಯತ್ತಿನ ಹತ್ತಿರ ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಪಂಚಾಯತ್ ಸದಸ್ಯ ಮಿತ್ರರಿಗೆ ಒಂದು ಮಾತು. ಇಂಥ ರಿಜಿಸ್ಟರ್ ನಿಮಗೆ ತಲೆನೋವು ಎಂದು ನೀವು ಭಾವಿಸಿದರೆ ನಾನು ಆಕ್ಷೇಪಿಸುವುದಿಲ್ಲ, ಅದು ತಲೆನೋವೇ. ಆದರೆ ನಿಮ್ಮ ವಾರ್ಡಿಗೆ ಬರಬೇಕಾದ ಕೆಲಸ ಬೇರೆ ಕಡೆಗೆ ಹೋದಾಗ ನಿಮ್ಮ ಬಾಯಿಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು.

ಮುಂದಿನ ಅಕ್ಟೋಬರಿನಲ್ಲಿ ಯೋಜನೆ ತಯಾರಿಯ ಸಭೆಗಳು ಮತ್ತೆ ಶುರುವಾಗುತ್ತವೆ. ಸಭೆಯ ಆರಂಭದಲ್ಲಿ ಹಿಂದಿನ ಸಭೆಯ ಅನುಪಾಲನಾ ವರದಿ ಓದಬೇಕೆಂಬ ಕ್ರಮವಿದೆ. ಹೆಚ್ಚಿನ ಕಡೆ ಅದನ್ನು ಮೈಕು ಸರಿಮಾಡುವ ಹೊತ್ತಿನಲ್ಲಿ ಓದಿ ಮುಗಿಸುತ್ತಾರೆ. ಈ ಸಲ ಆ ಹೊತ್ತಿಗೆ ಸರಿಯಾಗಿ ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ನಿಮ್ಮ ವಾರ್ಡಿನ ಸಂಕಗಳ ಎಣಿಕೆ ಕೈಯಲ್ಲಿರಲಿ, ವರದಿಯನ್ನು ನಿಧಾನವಾಗಿ ಓದಿ ಎಂದು ಕೇಳಿ.